ನೆಪ್ಚೂನ್ ಭಟ್ಕಳ ದಾಟಬೇಕಿತ್ತು

ಸೂರ್ಯನನ್ನು ಕಾರವಾರದ ಟಾಗೋರ್ ಕಡಲತೀರದಲ್ಲಿಟ್ಟು, ಭೂಮಿಯನ್ನು ಹೆದ್ದಾರಿಗುಂಟ ತೆಂಕಲಿಗೆ 4 ಕಿ.ಮೀ. ದೂರದಲ್ಲಿಡೋಣ. ಈ ಅಳತೆಯಲ್ಲಿ ಮಂಗಳ 6 ಕಿ.ಮೀ.ಗೆ, ಗುರು 21ಕ್ಕೆ, ಅಂದರೆ ಅಂಕೋಲೆ ಸಿಗುವ ಮೊದಲೇ. ಶನಿ ಅಂಕೋಲೆ ದಾಟಿ 38ಕ್ಕೆ, ಯುರೇನಸ್ ಕುಮಟೆ ಕಳೆದ ಮೇಲೆ 77ಕ್ಕೆ, ನೆಪ್ಚೂನ್ 120ಕ್ಕೆ, ಮುರ್ಡೇಶ್ವರದ ಆಸುಪಾಸಿನಲ್ಲಿ. ಒಳಗಿನವು ಒತ್ತೊತ್ತಾಗಿವೆ, ಹೊರಗಿನವು ದೂರ ದೂರ. ಇದರಲ್ಲೊಂದು ಲೆಕ್ಕವಿದೆ ಎಂಬ ಮಾತಿಗೆ ಇನ್ನೂರೈವತ್ತು ವರ್ಷ ದಾಟಿತು.

ಲೆಕ್ಕ ಸುಲಭ. 0, 3, 6, 12, 24, 48, 96 ಎಂದು ಬರೆದು ಪ್ರತಿಯೊಂದಕ್ಕೂ 4 ಕೂಡಿಸಿ, 10ರಿಂದ ಭಾಗಿಸಿದರೆ ಬರುವುದು 0.4, 0.7, 1, 1.6, 2.8, 5.2, 10. ಭೂಮಿಯ ದೂರವನ್ನು 1 ಎಂದಿಟ್ಟುಕೊಂಡರೆ ನಿಜವಾದ ದೂರಗಳು: ಬುಧ 0.39, ಶುಕ್ರ 0.72, ಮಂಗಳ 1.52, ಗುರು 5.20, ಶನಿ 9.54. 1766ರಲ್ಲಿ ಜರ್ಮನಿಯ ಪ್ರಾಧ್ಯಾಪಕ ಟೀಶಿಯಸ್ ತಾನು ಅನುವಾದಿಸುತ್ತಿದ್ದ ಫ್ರೆಂಚ್ ಪುಸ್ತಕದೊಳಗೆ ಮೂಲದಲ್ಲಿಲ್ಲದ ಈ ಮಾತನ್ನು ಸೇರಿಸಿದ. 1772ರಲ್ಲಿ ಖಗೋಳಜ್ಞ ಬೋಡೆ ಅದನ್ನು ತನ್ನ ಪುಸ್ತಕಕ್ಕೆ ಎತ್ತಿಕೊಂಡ. ಹೆಸರು ಬಂದದ್ದು ಹೆಚ್ಚಾಗಿ ಬೋಡೆಗೆ.

ಮೊದಲ ಸೊನ್ನೆಯಲ್ಲೇ ಒಂದು ಕೈಚಳಕವಿದೆ. 3ರ ಅರ್ಧ ಒಂದೂವರೆ, ಸೊನ್ನೆಯಲ್ಲ. ದುಪ್ಪಟ್ಟಿನ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದರೆ ಬುಧ 0.55ರಲ್ಲಿರಬೇಕು; ಅಷ್ಟೇ ಅಲ್ಲ, ಅದರೊಳಗೆ 0.475, 0.4375 ಎಂದು ಗ್ರಹಗಳ ಸಾಲು ಮುಗಿಯುವುದೇ ಇಲ್ಲ.

ಆದರೂ ನಿಯಮಕ್ಕೆ ಅದೃಷ್ಟ ಕುದುರಿತು. 1781ರಲ್ಲಿ ಹರ್ಷಲ್ ಕಂಡ ಯುರೇನಸ್ 19.2ರಲ್ಲಿತ್ತು, ಲೆಕ್ಕ ಹೇಳಿದ್ದು 19.6. ಹಾಗಾದರೆ ಖಾಲಿ ಬಿದ್ದಿದ್ದ 2.8ರಲ್ಲೂ ಏನೋ ಇರಲೇಬೇಕು! 1800ರಲ್ಲಿ ಖಗೋಳಜ್ಞ ಫಾನ್ ಝಾಕ್ ಮತ್ತು ಗೆಳೆಯರು ರಾಶಿಚಕ್ರವನ್ನು 24 ತುಂಡು ಮಾಡಿ ಹಂಚಿಕೊಂಡು ಹುಡುಕುವ ಯೋಜನೆ ಹಾಕಿದರು. ಹುಡುಕಾಟಕ್ಕೆ ಸೇರಿಕೊಳ್ಳಿ ಎಂಬ ಕರೆಯೋಲೆ ಕೈಸೇರುವ ಮೊದಲೇ ಸಿಸಿಲಿಯ ಪಿಯಾಜಿ 1801ರ ಜನವರಿ 1ರಂದು ನಕ್ಷತ್ರಪಟ್ಟಿ ಮಾಡುತ್ತಿದ್ದಾಗ ಸೀರಿಸ್ ಎಂಬ ಪುಟ್ಟ ಕಾಯ ಸಿಕ್ಕಿತು. ಆರು ವಾರ ನೋಡುವಷ್ಟರಲ್ಲಿ ಅದು ಸೂರ್ಯನ ಬೆಳಕಿಗೆ ಸರಿದು ಕಳೆದೇಹೋಯಿತು. ಗಣಿತಜ್ಞ ಗೌಸ್ ಆ ಕೆಲವೇ ವೀಕ್ಷಣೆಗಳಿಂದ ಕಕ್ಷೆ ಕಟ್ಟಿಕೊಟ್ಟ. ಅದೇ ಡಿಸೆಂಬರ್ 31ಕ್ಕೆ ಝಾಕ್ ಮತ್ತೆ ಹಿಡಿದ. ದೂರ 2.77. ಮರುವರ್ಷ ಪಾಲಸ್ ಎಂಬ ಇನ್ನೊಂದು ಕಾಯ ಕೂಡ ಹೆಚ್ಚುಕಡಿಮೆ ಅಲ್ಲೇ ಸಿಕ್ಕಿದಾಗ, ಒಂದು ಮನೆಗೆ ಇಬ್ಬರು ಒಕ್ಕಲಾದರಲ್ಲ ಎಂಬ ಪ್ರಶ್ನೆ ಏಳಬೇಕಿತ್ತು. ಎದ್ದದ್ದು ಬೇರೆ ಮಾತು: ಯಾವುದೋ ಗ್ರಹ ಒಡೆದು ಚೂರಾಗಿರಬೇಕು!

1846ರಲ್ಲಿ ಗಂಟು ಸಡಿಲಿತು. ಲವೆರಿಯೆ ಮತ್ತು ಆಡಮ್ಸ್ ಎಂಬ ಗಣಿತಜ್ಞರು ಅದುವರೆಗೆ ಪತ್ತೆಯಾಗದ ನೆಪ್ಚೂನ್ ಎಲ್ಲಿರಬಹುದೆಂಬ ಲೆಕ್ಕ ಶುರುಮಾಡಿದ್ದೇ ಈ ನಿಯಮದ ದೂರವನ್ನು ನಂಬಿ. ದಿಕ್ಕು ಸರಿಹೋಯಿತು, ದೂರವಲ್ಲ: ಬೇಕಿದ್ದದ್ದು 38.8, ಇದ್ದದ್ದು 30.1. ನಮ್ಮ ಹೆದ್ದಾರಿಯಲ್ಲಿ ಹೇಳುವುದಾದರೆ ಮುರ್ಡೇಶ್ವರದ ಬದಲು ಭಟ್ಕಳವನ್ನೂ ದಾಟಿ ಉಡುಪಿ ಜಿಲ್ಲೆಗೆ ಹೋಗಬೇಕಿತ್ತು.

ಅಂತರಗಳಲ್ಲಿ ಅರ್ಥವೇ ಇಲ್ಲವೆಂದಲ್ಲ. ತೀರಾ ಹತ್ತಿರದ ಗ್ರಹಗಳು ಒಂದನ್ನೊಂದು ಕದಲಿಸಿ ಹೊರದಬ್ಬುತ್ತವೆ. ಉಳಿದುಕೊಂಡವುಗಳ ನಡುವೆ ಅಂತರ ತಾನಾಗಿ ಬೆಳೆಯುತ್ತದೆ. ಅಂಥ ಯಾವುದೇ ಸಾಲಿಗೂ ಸರಿಹೊಂದುವ ಒಂದು ಗುಣೋತ್ತರ ಶ್ರೇಢಿಯನ್ನು, ಅಂದರೆ ಒಂದೇ ಸಂಖ್ಯೆಯಿಂದ ಗುಣಿಸುತ್ತ ಹೋಗುವ ಸಾಲನ್ನು, ಹೊಸೆಯುವುದು ಕಷ್ಟವಲ್ಲ. 1998ರಲ್ಲಿ ಸಂಶೋಧಕರಾದ ಹೇಯ್ಸ್ ಮತ್ತು ಟ್ರಮೇನ್ ಕಂಪ್ಯೂಟರಿನಲ್ಲಿ ಮನಬಂದಂತೆ ಕಟ್ಟಿದ ಸೌರವ್ಯೂಹಗಳೂ ಇಂಥ ಸೂತ್ರಗಳಿಗೆ ಒಗ್ಗಿಕೊಂಡವು. ಗಟ್ಟಿ ಕಾರಣವಿರುವ ಸಂಖ್ಯೆಗಳು ಬೇರೆ ಕಡೆ ಇವೆ. ಗುರುವಿನ ಚಂದ್ರರಾದ ಅಯೋ, ಯುರೋಪಾ, ಗ್ಯಾನಿಮೀಡ್ ಸುತ್ತುವ ಅವಧಿ 1.77, 3.55, 7.15 ದಿನ, ಅಂದರೆ ಒಂದರ ಬೆನ್ನಿಗೆ ಹತ್ತಿರಹತ್ತಿರ ದುಪ್ಪಟ್ಟು. ಇಲ್ಲಿ ಪರಸ್ಪರ ಸೆಳೆತವೇ ಲಯವನ್ನು ಕಾಪಾಡುತ್ತಿದೆ.

ಬೇರೆ ನಕ್ಷತ್ರಗಳ ಗ್ರಹಗಳು ಸಿಗತೊಡಗಿದ ಮೇಲೆ ಹಳೆಯ ಸೂತ್ರಕ್ಕೆ ಮತ್ತೆ ಜೀವ ಬಂತು. ಕೆಪ್ಲರ್ ದೂರದರ್ಶಕದ ಮಾಹಿತಿಯಲ್ಲಿ ಆ ಸೂತ್ರ ಸೂಚಿಸಿದ 97 ಗ್ರಹಗಳಿಗಾಗಿ 2014ರಲ್ಲಿ ತಡಕಿದವರಿಗೆ ಸಿಕ್ಕಿದ್ದು ಐದು. ಚಿಕ್ಕವು, ಓರೆಯಾಗಿ ಸುತ್ತುವವು ಕಣ್ತಪ್ಪಿರಬಹುದು. ಅದನ್ನು ಲೆಕ್ಕಕ್ಕೆ ಹಿಡಿದರೂ ಐದು ಕಡಿಮೆಯೇ.