ಡೈವೋರ್ಸ್ ಖರ್ಚು: ಫೀಸಿಗಿಂತ ವಾಯಿದೆಯೇ ದುಬಾರಿ

1888ರ ಜುಲೈನಲ್ಲಿ ಬಾಂಬೆಯ ಒಂದು ಮದುವೆ 2,000 ರೂಪಾಯಿಗೆ ಮುಗಿಯಿತು. ರುಖ್ಮಾಬಾಯಿಗೆ ಹನ್ನೊಂದನೇ ವಯಸ್ಸಿಗೆ ಮದುವೆ ಮಾಡಿದ್ದರು. ದೊಡ್ಡವರಾದ ಮೇಲೆ ಗಂಡ ದಾದಾಜಿ ಭಿಕಾಜಿಯ ಮನೆಗೆ ಹೋಗುವುದಿಲ್ಲ ಎಂದರು. ಆತ ಕೋರ್ಟಿಗೆ ಹೋದ. 1887ರಲ್ಲಿ ಆದೇಶ ಬಂತು: ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು. ಜೈಲೇ ವಾಸಿ ಎಂದರು ರುಖ್ಮಾಬಾಯಿ. ಕೊನೆಗೆ ರಾಜಿ ಆಯಿತು. ದುಡ್ಡು ತೆಗೆದುಕೊಂಡು ಗಂಡ ಹಕ್ಕು ಬಿಟ್ಟ, ಆಮೇಲೆ ಬೇರೆ ಮದುವೆ ಮಾಡಿಕೊಂಡ. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ಬಂದರು. ಇದನ್ನು ಡೈವೋರ್ಸ್ ಅನ್ನುವ ಹಾಗಿರಲಿಲ್ಲ. ಹಿಂದೂ ಹೆಂಗಸು ಡೈವೋರ್ಸ್ ಕೇಳುವುದಕ್ಕೆ ಆಗ ಕಾಯ್ದೆಯೇ ಇರಲಿಲ್ಲ.

ಕಾಯ್ದೆ ಇಲ್ಲದಿದ್ದರೂ ರೂಢಿ ಇತ್ತು. ತೆರ ಕೊಟ್ಟು ಹೆಣ್ಣು ತರುತ್ತಿದ್ದ ನಮ್ಮ ಎಷ್ಟೋ ಸಮುದಾಯಗಳಲ್ಲಿ ಕುಲದ ಹಿರಿಯರ ಮುಂದೆ ಬಿಡುಗಡೆ ಆಗುತ್ತಿತ್ತು. ತೆರದ ದುಡ್ಡು, ಮದುವೆ ಖರ್ಚು ಯಾರು ಯಾರಿಗೆ ವಾಪಸ್ ಕೊಡಬೇಕು ಅನ್ನುವುದು ಅಲ್ಲೇ ತೀರ್ಮಾನ ಆಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಬರೆದುಕೊಡುತ್ತಿದ್ದದ್ದು ಅನೇಕರಿಗೆ ಗೊತ್ತಿರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಇಂಥ ರೂಢಿಯನ್ನು ಇವತ್ತಿಗೂ ಉಳಿಸಿಕೊಂಡಿದೆ. ಆದರೆ ಒಂದು ಷರತ್ತು. ತಮ್ಮ ಸಮುದಾಯದಲ್ಲಿ ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ಹೇಳಿ, ಸಾಕ್ಷಿ ಸಮೇತ ರುಜುವಾತು ಮಾಡಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಖಡಕ್ಕಾಗಿ ಹೇಳಿತು.

ಹಾಗಾಗಿ ನೋಟರಿ ಹತ್ತಿರ ಬಾಂಡ್ ಪೇಪರ್ ಮೇಲೆ ಇಬ್ಬರೂ ಸಹಿ ಹಾಕಿ ‘ಇನ್ನು ನಮಗೂ ಅವರಿಗೂ ಸಂಬಂಧ ಇಲ್ಲ’ ಎಂದು ಬರೆಸಿಕೊಂಡರೆ ಡೈವೋರ್ಸ್ ಆಗುವುದಿಲ್ಲ. ನಾನು ನೋಡಿದ ಮಟ್ಟಿಗೆ ಇದಕ್ಕಿಂತ ದುಬಾರಿ ಉಳಿತಾಯ ಇನ್ನೊಂದಿಲ್ಲ. ಹತ್ತು ವರ್ಷ ಆದಮೇಲೆ ಪಿಂಚಣಿ, ಆಸ್ತಿ ಪ್ರಶ್ನೆ ಬಂದಾಗ ಎರಡನೇ ಮದುವೆಯೇ ಅಸಿಂಧು ಎಂದು ಗೊತ್ತಾಗುತ್ತದೆ. ಆಗ ಒಂದು ಕೇಸಿನ ಬದಲು ಮೂರು ಕೇಸು ನಡೆಸಬೇಕು.

ಕಾಯ್ದೆ ನಮ್ಮ ಕಡೆ ಬಂದದ್ದು ತುಂಡು ತುಂಡಾಗಿ. ಬಾಂಬೆ ಪ್ರಾಂತ್ಯ 1947ರಲ್ಲಿ ಹಿಂದೂ ವಿಚ್ಛೇದನ ಕಾಯ್ದೆ ಮಾಡಿತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಆಗ ಆ ಪ್ರಾಂತ್ಯದಲ್ಲೇ ಇದ್ದವು. 1949ರಲ್ಲಿ ಮದ್ರಾಸ್ ಕಾಯ್ದೆ ಬಂತು. ಮಂಗಳೂರು, ಬಳ್ಳಾರಿ ಅದರ ವ್ಯಾಪ್ತಿಗೆ ಸೇರಿದವು. ದೇಶದ ಬಹುಪಾಲು ಹಿಂದೂಗಳಿಗೆ ಒಂದೇ ಕಾನೂನು ಆದದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಅದರ ಮೊದಲ ಕರಡಿನ ಹಿಂದಿದ್ದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾವ್.

ಆ ಕಾಯ್ದೆಯನ್ನು ಇವತ್ತು ಓದಿದರೆ ಖರ್ಚಿನ ಬೇರು ಎಲ್ಲಿದೆ ಎಂದು ಗೊತ್ತಾಗುತ್ತದೆ. ಮದುವೆಯಾಗಿ ಮೂರು ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಅರ್ಜಿಯನ್ನೇ ಹಾಕುವ ಹಾಗಿರಲಿಲ್ಲ. ಹೊಡೆತ, ಹಿಂಸೆ ಇದ್ದರೂ ನೇರವಾಗಿ ಡೈವೋರ್ಸ್ ಸಿಗುತ್ತಿರಲಿಲ್ಲ, ಬೇರೆ ಇರಲು ಆದೇಶ ಸಿಗುತ್ತಿತ್ತು ಅಷ್ಟೆ. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಬಂದಮೇಲೂ ಇನ್ನೊಂದು ಮದುವೆಗೆ ಒಂದು ವರ್ಷ ಕಾಯಬೇಕಿತ್ತು. ಕ್ರೈಸ್ತರ ಪಾಡು ಇನ್ನೂ ಕಷ್ಟ. ಜಿಲ್ಲಾ ಕೋರ್ಟು ಡೈವೋರ್ಸ್ ಕೊಟ್ಟರೂ ಹೈಕೋರ್ಟ್ ಅದನ್ನು ಖಾಯಂ ಮಾಡಬೇಕಿತ್ತು. 2001ರವರೆಗೆ ಹೀಗೇ ನಡೆಯಿತು. ಕಾನೂನು ಡೈವೋರ್ಸ್‌ಗೆ ಬೆಲೆ ಹಾಕಿದ್ದು ರೂಪಾಯಿಯಲ್ಲಿ ಕಡಿಮೆ, ವರ್ಷಗಳಲ್ಲಿ ಜಾಸ್ತಿ.

1976ರ ತಿದ್ದುಪಡಿ ಇದನ್ನು ಬಹಳ ಮಟ್ಟಿಗೆ ಸಡಿಲ ಮಾಡಿತು. ಮೂರು ವರ್ಷ ಒಂದಾಯಿತು. ಕ್ರೌರ್ಯವೇ ಡೈವೋರ್ಸ್‌ಗೆ ಕಾರಣ ಆಯಿತು. ಪರಸ್ಪರ ಒಪ್ಪಿಗೆಯ ಡೈವೋರ್ಸ್‌ಗೆ 13ಬಿ ಸೆಕ್ಷನ್ ಬಂತು: ಒಂದು ವರ್ಷ ಬೇರೆ ಇದ್ದು, ಇಬ್ಬರೂ ಸೇರಿ ಅರ್ಜಿ ಹಾಕಿ, ಆರು ತಿಂಗಳು ಕಾದು, ಮತ್ತೆ ಬಂದು ಹೌದು ಅನ್ನಬೇಕು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲೂ ಸೇರಿತು. ನೋಟಿಸ್ ಮುಟ್ಟಿದ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನ ಮಾಡಬೇಕಂತೆ. ಕೋರ್ಟ್ ಮೆಟ್ಟಿಲು ಹತ್ತಿದವರ ಮುಂದೆ ಈ ಸಾಲು ಓದಿ ನೋಡಿ, ನಗ್ತಾರೆ.

1984ರಲ್ಲಿ ಕುಟುಂಬ ನ್ಯಾಯಾಲಯ ಕಾಯ್ದೆ ಬಂದಾಗ ಉದ್ದೇಶ ಒಳ್ಳೆಯದೇ ಇತ್ತು. ಮೊದಲು ರಾಜಿಗೆ ನೋಡಬೇಕು. ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ಅಂದರೆ ವಕೀಲರ ಖರ್ಚಿಲ್ಲದೆ ಜನ ತಾವೇ ಮಾತಾಡಲಿ ಅಂತ. ಅನುಮತಿ ಮಾತ್ರ ಕೇಳಿದವರಿಗೆಲ್ಲ ಸಿಗುತ್ತದೆ, ಅದಕ್ಕೇ ಎಲ್ಲರಿಗೂ ವಕೀಲರು ಇದ್ದಾರೆ.

ಬೆಂಗಳೂರಿನಲ್ಲಿ ಕುಟುಂಬ ನ್ಯಾಯಾಲಯ ಇರುವ ನ್ಯಾಯದೇಗುಲ ಕಟ್ಟಡಕ್ಕೆ ತುಮಕೂರಿನಿಂದ ವಾಯಿದೆಗೆ ಬರುವ ಒಬ್ಬರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಬಸ್ಸು. ಜೊತೆಗೆ ಅಣ್ಣನೋ ತಾಯಿಯೋ ಇದ್ದೇ ಇರುತ್ತಾರೆ, ಇಬ್ಬರ ಕೂಲಿ ಅಥವಾ ರಜೆ ಹೋಯಿತು. ಕಾರಿಡಾರಿನಲ್ಲಿ ನಿಂತು ಹೆಸರು ಕೂಗುವುದನ್ನೇ ಕಾಯಬೇಕು. ಕೂಗಿದಾಗ ಎದುರಿನ ವಕೀಲರು ಬೇರೆ ಹಾಲ್‌ನಲ್ಲಿರುತ್ತಾರೆ. ‘ಪಾಸ್ ಓವರ್’ ಆಗುತ್ತದೆ. ಮಧ್ಯಾಹ್ನ ಮತ್ತೆ ಕೂಗುತ್ತಾರೆ. ಆಕ್ಷೇಪಣೆ ಹಾಕಲು ಸಮಯ ಕೇಳುತ್ತಾರೆ. ಐದು ನಿಮಿಷದ ಕೆಲಸ, ಮುಂದಿನ ತಿಂಗಳ ಡೇಟು. ಬಸ್ಸು, ಆಟೋ, ಊಟ, ಹೋದ ಸಂಬಳ, ವಾಯಿದೆಗಿಷ್ಟು ಎಂದು ಮಾತಾಗಿದ್ದರೆ ವಕೀಲರ ಫೀಸು, ಎಲ್ಲ ಸೇರಿಸಿ ಇಪ್ಪತ್ತೋ ಮೂವತ್ತೋ ವಾಯಿದೆಗೆ ಗುಣಿಸಿ ನೋಡಿ. ಅರ್ಜಿಗೆ ಅಂಟಿಸಿದ ಕೋರ್ಟ್ ಫೀ ಸ್ಟಾಂಪು ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಮುಂಚೆ ಈ ಓಡಾಟದ ಭಾರ ಹೆಂಗಸರ ಮೇಲೇ ಜಾಸ್ತಿ ಬೀಳುತ್ತಿತ್ತು. 2003ರ ತಿದ್ದುಪಡಿ ಆದಮೇಲೆ ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಗಂಡ ದೂರದಲ್ಲಿ ಕೇಸು ಹಾಕಿದ್ದರೆ ವರ್ಗಾವಣೆ ಕೇಳಬಹುದು. ಕೋವಿಡ್ ನಂತರ ವಿಡಿಯೋ ಕಾನ್ಫರೆನ್ಸ್‌ಗೆ ಅನುಮತಿ ಕೇಳುವುದೂ ಮಾಮೂಲಾಗಿದೆ. ದುಬೈ, ಡಲ್ಲಾಸ್‌ನಲ್ಲಿರುವವರಿಗೆ ಒಂದು ವಿಮಾನ ಟಿಕೆಟ್ ಉಳಿದರೂ ಉಳಿತಾಯವೇ. ಆದರೆ ಅಲ್ಲೇ ಡೈವೋರ್ಸ್ ತಗೊಂಡು ಬಿಡೋಣ ಅನ್ನುವವರು 1991ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಡಬೇಕು. ತಿರುಪತಿಯಲ್ಲಿ ಮದುವೆಯಾದವರಿಗೆ ಅಮೆರಿಕದ ಮಿಸೌರಿಯ ಕೋರ್ಟು ಕೊಟ್ಟ ಡೈವೋರ್ಸ್ ಇಲ್ಲಿ ನಡೆಯಲಿಲ್ಲ. ನಮ್ಮ ಕಾಯ್ದೆಯಲ್ಲಿಲ್ಲದ ಕಾರಣದ ಮೇಲೆ, ಎದುರಿನವರು ಒಪ್ಪದೆ ಸಿಕ್ಕ ಡಿಕ್ರಿ ಇಟ್ಟುಕೊಂಡು ಬಂದರೆ ಇಲ್ಲಿ ಇನ್ನೊಂದು ಸಲ ಖರ್ಚು ಮಾಡಬೇಕಾದೀತು.

ಇನ್ನು ಜೀವನಾಂಶ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಡಿ ತಿಂಗಳಿಗೆ ಹೆಚ್ಚೆಂದರೆ 500 ರೂಪಾಯಿ ಎಂದು 1955ರಲ್ಲಿ ಮಿತಿ ಹಾಕಿದರು. ಅದನ್ನು ತೆಗೆದದ್ದು 2001ರಲ್ಲಿ. ನಲವತ್ತಾರು ವರ್ಷ ಅಕ್ಕಿ ಬೆಲೆ ಏರಿತು, ಮಿತಿ ಏರಲಿಲ್ಲ. ದೇಶವನ್ನೇ ಅಲ್ಲಾಡಿಸಿದ ಶಾ ಬಾನೊ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟ್ ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆ ಮಾಡಿತು. 1985ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದದ್ದು ಇಷ್ಟೇ ದುಡ್ಡನ್ನು.

ಈಗ ಸುದ್ದಿಯಾಗುವ ಮೊತ್ತಗಳೇ ಬೇರೆ. 2024ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಒಬ್ಬರು ತಿಂಗಳಿಗೆ 6,16,300 ರೂಪಾಯಿ ಕೇಳಿದ್ದು, ಅಷ್ಟು ಖರ್ಚು ಮಾಡಬೇಕಾದರೆ ದುಡಿಯಲಿ ಎಂದು ನ್ಯಾಯಮೂರ್ತಿ ಹೇಳಿದ್ದು ಎಲ್ಲರ ಮೊಬೈಲಿಗೂ ಬಂತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೆಂಡತಿಗೆ 5 ಕೋಟಿ, ಮಗನಿಗೆ 1 ಕೋಟಿ ಕೊಡಿಸಿತು. ಇಂಥವನ್ನು ನೋಡಿ ಗಂಡಸರು ಹೆದರುವುದೂ ಹೆಂಗಸರು ಲೆಕ್ಕ ಹಾಕುವುದೂ ಎರಡೂ ತಪ್ಪು. ಸಂಬಳದ ಕಾಲು ಭಾಗ ಕೊಡಲೇಬೇಕು ಅನ್ನುವ ಮಾತೂ ಹಾಗೇ. 2017ರ ಒಂದು ತೀರ್ಪಿನಲ್ಲಿ ಶೇ. 25 ನ್ಯಾಯವಾದದ್ದು ಎಂದಿದ್ದು ನಿಜ, ಆದರೆ ಅದು ಎಲ್ಲರಿಗೂ ಅಳತೆಗೋಲಲ್ಲ.

ನಿಜವಾಗಿ ದಾರಿ ಬದಲಿಸಿದ್ದು 2020ರ ನವೆಂಬರ್‌ನಲ್ಲಿ ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಅಂದಿನಿಂದ ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಹಾಕಬೇಕು. ಸಂಬಳದ ಚೀಟಿ, ಬ್ಯಾಂಕ್ ಖಾತೆ, ವಿಮೆ, ಒಡವೆ, ಬಾಡಿಗೆ, ಮಕ್ಕಳ ಫೀಸು, ಮನೆಯಲ್ಲಿ ನೋಡಿಕೊಳ್ಳಬೇಕಾದ ಅಪ್ಪ-ಅಮ್ಮ, ಎಲ್ಲ ಬರೆಯಬೇಕು. ಬೇಸಾಯದವರಿಗೆ ಬೇರೆಯೇ ನಮೂನೆ ಇದೆ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಹಾಗಾಗಿ ಎಳೆದಷ್ಟೂ ಬಾಕಿ ಬೆಳೆಯುತ್ತದೆ. ಸುಮ್ನೆ ವಾಯಿದೆ ತಗೊಂಡು ಎದುರಿನವರನ್ನು ಸುಸ್ತು ಮಾಡೋಣ ಅನ್ನುವ ಹಳೇ ಉಪಾಯ ಈಗ ಮೊದಲಿನಷ್ಟು ಅಗ್ಗವಲ್ಲ. ಈ ಕಾಗದಗಳನ್ನು ವಕೀಲರ ಹತ್ತಿರ ಹೋಗುವ ಮೊದಲೇ ಜೋಡಿಸಿಟ್ಟುಕೊಂಡರೆ ಒಂದೆರಡು ವಾಯಿದೆ ಅಲ್ಲೇ ಉಳಿಯಿತು.

ಕೇಸು ನಡೆಸಲು ದುಡ್ಡಿಲ್ಲದವರಿಗೆ ಎರಡು ಬಾಗಿಲಿವೆ. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಮಧ್ಯಂತರ ಜೀವನಾಂಶದ ಜೊತೆಗೆ ದಾವೆ ಖರ್ಚನ್ನೂ ಕೇಳಬಹುದು. ಗಂಡನೂ ಕೇಳಬಹುದು, ಗೊತ್ತಿತ್ತಾ? ಇನ್ನೊಂದು ಕಾನೂನು ಸೇವಾ ಪ್ರಾಧಿಕಾರ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಪರಿಶಿಷ್ಟ ಜಾತಿ-ಪಂಗಡದವರಿಗೂ ಅಷ್ಟೆ. ಉಳಿದ ಬಹಳಷ್ಟು ಜನರಿಗೆ ಆದಾಯ ಮಿತಿ ಇದೆ. ಸಹಾಯವಾಣಿ 15100.

ಸ್ವಂತ ವಕೀಲರನ್ನು ಇಡುವುದಾದರೆ ಮೊದಲ ದಿನವೇ ಬಾಯಿಬಿಟ್ಟು ಕೇಳಿ. ಒಟ್ಟಿಗೆ ಇಷ್ಟು ಅಂತಲೋ ವಾಯಿದೆಗೆ ಇಷ್ಟು ಅಂತಲೋ? ಮಧ್ಯಂತರ ಅರ್ಜಿಗಳು, ಪಾಟಿ ಸವಾಲು, ಹೈಕೋರ್ಟ್ ಅಪೀಲು ಅದರಲ್ಲೇ ಸೇರಿದೆಯಾ? ಬಂದ ಜೀವನಾಂಶದಲ್ಲಿ ಇಷ್ಟು ಪಾಲು ಕೊಡಿ ಎಂದು ವಕೀಲರು ಕೇಳುವ ಹಾಗಿಲ್ಲ, ವಕೀಲರ ಪರಿಷತ್ತಿನ ನಿಯಮ ಅದನ್ನು ತಡೆಯುತ್ತದೆ. ಕೇಳಲು ಸಂಕೋಚ ಬೇಡ, ಮದುವೆ ಛತ್ರದವರ ಹತ್ತಿರ ಚೌಕಾಸಿ ಮಾಡಿದವರೇ ಅಲ್ವಾ ನಾವು.

ಎಲ್ಲಕ್ಕಿಂತ ಜಾಸ್ತಿ ಉಳಿಸುವುದು ಒಪ್ಪಂದ. ನ್ಯಾಯದೇಗುಲದಲ್ಲೇ 2007ರಿಂದ ಮಧ್ಯಸ್ಥಿಕೆ ಕೇಂದ್ರ ಇದೆ. ಕೋರ್ಟು ಅಲ್ಲಿಗೆ ಕಳಿಸಿದರೆ ಕಕ್ಷಿದಾರರು ಅದಕ್ಕೆ ದುಡ್ಡು ಕೊಡಬೇಕಿಲ್ಲ. 2017ರ ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 13ಬಿ ಅರ್ಜಿಯ ಆರು ತಿಂಗಳ ಕಾಯುವಿಕೆಯನ್ನೂ ಕೋರ್ಟು ಸೂಕ್ತ ಕಂಡರೆ ಬಿಡಬಹುದು. ಒಪ್ಪಿಗೆಯ ಡಿಕ್ರಿ ಮೇಲೆ ಅಪೀಲೂ ಇಲ್ಲ. ಆದರೆ ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ವಾಪಸ್ ತಗೊಳ್ಳಬಹುದು. ಅದಕ್ಕೇ ತಿಳಿದವರು ದುಡ್ಡನ್ನು ಕಂತು ಮಾಡುತ್ತಾರೆ: ಅರ್ಜಿ ಹಾಕಿದಾಗ ಸ್ವಲ್ಪ, ಬೇರೆ ಕೇಸುಗಳನ್ನು ವಾಪಸ್ ತೆಗೆದಾಗ ಸ್ವಲ್ಪ, ಕೊನೆಯದು ಎರಡನೇ ಸಲ ಹೇಳಿಕೆ ಕೊಡುವ ದಿನ ಕೋರ್ಟಿನಲ್ಲೇ ಡಿಡಿ ರೂಪದಲ್ಲಿ.

ಒಪ್ಪಂದದಲ್ಲಿ ಜನ ಮರೆಯುವುದು ಗೃಹ ಸಾಲ. ‘ಸಾಲ ಇನ್ಮೇಲೆ ಅವನೇ ಕಟ್ಟುತ್ತಾನೆ’ ಎಂದು ಬರೆದರೂ ಬ್ಯಾಂಕು ಅದಕ್ಕೆ ಸಹಿ ಹಾಕಿಲ್ಲ. ಸಾಲ ಜಂಟಿಯಾಗಿದ್ದರೆ ಕಂತು ತಪ್ಪಿದಾಗ ಇಬ್ಬರಿಗೂ ನೋಟಿಸ್ ಬರುತ್ತದೆ. ಬ್ಯಾಂಕಿನಿಂದ ಹೆಸರು ತೆಗೆಸಿದ ಪತ್ರ ಕೈಗೆ ಬಂದಮೇಲೇ ಕೊನೆಯ ಸಹಿ ಹಾಕಿ. ತೆರಿಗೆಯೂ ಅಷ್ಟೆ. ಪ್ರತಾಪಗಢದ ಮಹೇಶ್ವರಿ ದೇವಿ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಹೇಳಿದ ಪ್ರಕಾರ ಒಂದೇ ಗಂಟಿನಲ್ಲಿ ಬಂದ ಜೀವನಾಂಶಕ್ಕೆ ಆದಾಯ ತೆರಿಗೆ ಇಲ್ಲ, ತಿಂಗಳು ತಿಂಗಳು ಬಂದರೆ ಅದು ಆದಾಯ. ಸಹಿಗೆ ಮುಂಚೆ ಒಬ್ಬ ಲೆಕ್ಕಪರಿಶೋಧಕರಿಗೆ ತೋರಿಸಿ. ಡಿಕ್ರಿ ಆದಮೇಲೆ ಸರ್ಟಿಫೈಡ್ ಕಾಪಿ ಒಂದಲ್ಲ, ನಾಲ್ಕೈದು ತೆಗೆಸಿಟ್ಟುಕೊಳ್ಳಿ. ಪಾಸ್‌ಪೋರ್ಟ್, ಬ್ಯಾಂಕು, ಮಗುವಿನ ಶಾಲೆ, ಎಲ್ಲ ಕಡೆ ಕೇಳುತ್ತಾರೆ.