ಬಂಡೆ ಹತ್ತುವ ಆರ್‌ಸಿ ಗಾಡಿ: ಮೋಟರ್ ಕೊಳ್ಳುವ ಮುಂಚೆ ಪಿನಿಯನ್ ಹಲ್ಲು ಎಣಿಸಿ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ರಿವೈಂಡಿಂಗ್ ಅಂಗಡಿಗೆ ಬರುವುದು ಹೆಚ್ಚಾಗಿ ಪಂಪ್‌ಸೆಟ್ ಮೋಟರ್‌ಗಳು. ಈಚೆಗೆ ಅವುಗಳ ನಡುವೆ ಅಂಗೈಯಲ್ಲಿ ಹಿಡಿಯುವ ಚಿಕ್ಕ ಮೋಟರ್‌ಗಳೂ ಬರತೊಡಗಿವೆ. ರಿಮೋಟ್‌ನಲ್ಲಿ ಓಡಿಸುವ, ಕಲ್ಲುಬಂಡೆ ಹತ್ತುವ ಕ್ರಾಲರ್ ಗಾಡಿಗಳ ಮೋಟರ್ ಅವು. ತರುವವರು ಬಹುಪಾಲು ಕಾಲೇಜು ಹುಡುಗರು. ಕೇಳುವ ಪ್ರಶ್ನೆ ಒಂದೇ: "ಕಾಕಾ, ಮೋಟರ್ ಸುಟ್ಟೈತ್ರಿ. ಇದಕ್ಕಿಂತ ಜಾಸ್ತಿ ಪವರ್ ಇರೋದು ಯಾವುದು ಹಾಕ್ಲಿ?"

ಗೇರ್ ಹಾಗೇ ಬಿಟ್ಟು ಜಾಸ್ತಿ ಪವರ್‌ನದು ಹಾಕಿದರೆ ಅದೂ ಸುಡುತ್ತದೆ. ಕ್ರಾಲರ್ ಮೋಟರ್‌ಗೆ ದೊಡ್ಡ ಶತ್ರು ಬಿಸಿ. ಎಷ್ಟು ಬಿಸಿಯಾಗುತ್ತದೆ ಎಂಬುದು ಮೋಟರಿಗಿಂತ ಹೆಚ್ಚಾಗಿ ಗೇರ್ ಮೇಲೆ ನಿಂತಿದೆ. ಅದಕ್ಕೇ ನಾನು ಮೊದಲು ಕೇಳುವುದು, ಪಿನಿಯನ್‌ಗೆ, ಅಂದರೆ ಮೋಟರ್ ಶಾಫ್ಟ್‌ನ ಮೇಲಿನ ಚಿಕ್ಕ ಗೇರ್‌ಗೆ, ಎಷ್ಟು ಹಲ್ಲು ಅಂತ.

ರೇಸ್ ಕಾರಿನ ಮೋಟರ್ ಸದಾ ತಿರುಗುತ್ತಿರುತ್ತದೆ. ಕ್ರಾಲರ್ ಹಾಗಲ್ಲ. ಚಕ್ರ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಬೆರಳು ಮಾತ್ರ ಟ್ರಿಗರ್ ಬಿಡುವುದಿಲ್ಲ. ಮೋಟರ್ ತಿರುಗುವಾಗ ಅದರೊಳಗೆ ಎದುರು ವೋಲ್ಟೇಜ್ ಹುಟ್ಟಿ ಕರೆಂಟನ್ನು ಹಿಡಿದಿಡುತ್ತದೆ. ನಿಂತುಬಿಟ್ಟರೆ ಅದೂ ಇಲ್ಲ. ಆಗ ಕರೆಂಟನ್ನು ತಡೆಯಲು ಉಳಿಯುವುದು ವೈಂಡಿಂಗ್ ತಂತಿಯ ರೆಸಿಸ್ಟೆನ್ಸ್ ಒಂದೇ.

ಲೆಕ್ಕಕ್ಕೆ ಅದನ್ನು 0.2 ಓಮ್ ಅಂತ ಇಟ್ಟುಕೊಳ್ಳಿ. 2ಎಸ್ (ಎರಡು ಸೆಲ್‌ನ) ಲಿಪೊ ಬ್ಯಾಟರಿಯ 7.4 ವೋಲ್ಟ್ ಕೊಟ್ಟರೆ 37 ಆಂಪಿಯರ್ ಹರಿಯುತ್ತದೆ. ಬಿಸಿ ಸುಮಾರು 270 ವ್ಯಾಟ್. 36 ಮಿ.ಮೀ. ಅಗಲ, 50 ಮಿ.ಮೀ. ಉದ್ದದ ಡಬ್ಬಿಯೊಳಗೆ 25 ವ್ಯಾಟಿನ ಹತ್ತು ಸೋಲ್ಡರಿಂಗ್ ಐರನ್ ತುರುಕಿ ಸ್ವಿಚ್ ಹಾಕಿದ ಹಾಗೆ. ಅದೇ ಮೋಟರ್‌ಗೆ 3ಎಸ್ ಹಾಕಿದರೆ 600 ವ್ಯಾಟ್ ದಾಟುತ್ತದೆ. ಪೂರ್ತಿ ಟ್ರಿಗರ್ ಯಾರೂ ಒತ್ತಿ ಹಿಡಿಯುವುದಿಲ್ಲ, ಬ್ಯಾಟರಿಯ ವೋಲ್ಟೇಜೂ ಇಳಿಯುತ್ತದೆ, ಹಾಗಾಗಿ ನಿಜದಲ್ಲಿ ಇಷ್ಟು ಆಗಲಿಕ್ಕಿಲ್ಲ. ಆದರೆ ಇದರ ಅರ್ಧವಾದರೂ ತಂತಿಯ ಮೇಲಿನ ಎನಾಮಲ್ ಹೋಗಲು ಸಾಕು. ಸುಟ್ಟ ವಾರ್ನಿಷ್ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆಯುವುದಿಲ್ಲ.

ಬೋರ್‌ವೆಲ್ ಪಂಪ್ ಮರಳು ಸಿಕ್ಕು ಜಾಮ್ ಆದಾಗಲೂ ಇದೇ ಆಗುತ್ತದೆ. ಅಲ್ಲಿ ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ ಕಾಪಾಡುತ್ತದೆ. ಕ್ರಾಲರ್‌ನ ಇಎಸ್‌ಸಿ (ಮೋಟರ್‌ನ ವೇಗ ನಿಯಂತ್ರಿಸುವ ಸರ್ಕ್ಯೂಟ್) ತನ್ನ ಬಿಸಿಯನ್ನು ತಾನು ನೋಡಿಕೊಳ್ಳುತ್ತದೆ, ಕಾರ್ಬನ್ ತುಂಡುಗಳಿಂದ ಕರೆಂಟ್ ಪಡೆಯುವ ಸಾಮಾನ್ಯ ಬ್ರಶ್ ಮೋಟರಿನ ಬಿಸಿ ಅದಕ್ಕೆ ಗೊತ್ತಾಗುವುದಿಲ್ಲ.

ಈಗ ಟರ್ನ್, ಅಂದರೆ ತಂತಿಯ ಸುತ್ತುಗಳ ವಿಷಯ. "ಟರ್ನ್ ಜಾಸ್ತಿ ಇದ್ದರೆ ಟಾರ್ಕ್ ಜಾಸ್ತಿ, ಬಿಸಿ ಕಮ್ಮಿ" ಎಂದು ಎಲ್ಲರೂ ಹೇಳುತ್ತಾರೆ (ಟಾರ್ಕ್ ಅಂದರೆ ತಿರುಗಿಸುವ ಬಲ). ಇದು ಅರ್ಧ ಸತ್ಯ. ವೈಂಡಿಂಗ್ ಮಾಡುವವನಾಗಿ ಉಳಿದರ್ಧವನ್ನೂ ಹೇಳುತ್ತೇನೆ. 27 ಟರ್ನ್ ಇದ್ದ ಆರ್ಮೇಚರ್‌ಗೆ (ಮೋಟರ್‌ನ ತಿರುಗುವ ಭಾಗಕ್ಕೆ) 35 ಟರ್ನ್ ಸುತ್ತಬೇಕಾದರೆ ತಂತಿ ಸಣ್ಣದಾಗಬೇಕು, ಏಕೆಂದರೆ ತಂತಿ ಕೂರುವ ಸ್ಲಾಟ್‌ನಲ್ಲಿ ಜಾಗ ಅಷ್ಟೇ ಇರುತ್ತದೆ. ತಂತಿ ಉದ್ದವಾಯಿತು, ಸಣ್ಣದೂ ಆಯಿತು. ರೆಸಿಸ್ಟೆನ್ಸ್ ಸುಮಾರು 1.7 ಪಟ್ಟು ಏರುತ್ತದೆ. ಅಷ್ಟೇ ಟಾರ್ಕ್‌ಗೆ ಬೇಕಾಗುವ ಕರೆಂಟ್ ಸುಮಾರು ಕಾಲು ಭಾಗ ಕಮ್ಮಿಯಾಗುತ್ತದೆ. ಎರಡನ್ನೂ ಗುಣಿಸಿ ನೋಡಿದರೆ ತಂತಿಯಲ್ಲಿ ಹುಟ್ಟುವ ಬಿಸಿ ಅಲ್ಲಿಗಲ್ಲಿಗೆ ಸಮ!

ಹಾಗಾದರೆ ಜಾಸ್ತಿ ಟರ್ನ್ ಸುಮ್ನೆನಾ? ಇಲ್ಲ. ಬ್ರಶ್, ಅದು ಉಜ್ಜುವ ತಾಮ್ರದ ಕಮ್ಯುಟೇಟರ್, ಇಎಸ್‌ಸಿ ಮೂರರ ಮೇಲೂ ಕರೆಂಟಿನ ಹೊರೆ ಇಳಿಯುತ್ತದೆ. ಮುಖ್ಯವಾಗಿ, ಅದೇ ವೋಲ್ಟೇಜಿನಲ್ಲಿ ಗಾಡಿ ಸಿಕ್ಕಿಕೊಂಡಾಗ ಹುಟ್ಟುವ ಬಿಸಿ 27 ಟರ್ನ್‌ನದಕ್ಕಿಂತ ಶೇ. 40ರಷ್ಟು ಕಮ್ಮಿ. ಹೊಸಬರ ಕೈಗೆ ಇದೇ ದೊಡ್ಡ ರಕ್ಷಣೆ. ವೇಗ ಇಳಿಯುತ್ತದೆ ಅನ್ನುವುದು ನಿಜ, ಆದರೆ ಬಂಡೆ ಹತ್ತುವ ಗಾಡಿಗೆ ವೇಗ ಯಾಕೆ ಬೇಕು?

ಬಿಸಿಯನ್ನು ನಿಜವಾಗಿ ಇಳಿಸುವುದು ಪಿನಿಯನ್. 14 ಹಲ್ಲಿನದು ತೆಗೆದು 11 ಹಲ್ಲಿನದು ಹಾಕಿ. ಚಕ್ರ ಒಂದು ಸುತ್ತು ಬರಲು ಮೋಟರ್ ಹೆಚ್ಚು ಸುತ್ತುತ್ತದೆ, ಅದು ಹಾಕಬೇಕಾದ ಬಲ ಕಮ್ಮಿಯಾಗುತ್ತದೆ. ಅದೇ ಬಂಡೆಗೆ ಮೋಟರ್ ಎಳೆಯುವ ಕರೆಂಟ್ ಶೇ. 21ರಷ್ಟು ಇಳಿಯುತ್ತದೆ. ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಶೇ. 38ರಷ್ಟು ಇಳಿಯುತ್ತದೆ. ಹೊಸ ಮೋಟರ್‌ನ ಬೆಲೆಯ ಮುಂದೆ ಒಂದು ಪಿನಿಯನ್‌ನ ಬೆಲೆ ಏನೂ ಅಲ್ಲ. ಟ್ರಾಕ್ಸಾಸ್ ಕಂಪನಿಯ ಟಿಆರ್‌ಎಕ್ಸ್-4 ಕ್ರಾಲರ್ ನೋಡಿ. ಅದರಲ್ಲಿ ಬರುವುದು 21 ಟರ್ನ್‌ನ 550 ಮೋಟರ್. ಟರ್ನ್ ಲೆಕ್ಕದಲ್ಲಿ ಅದು ಕ್ರಾಲರ್‌ಗೆ ಸಲ್ಲದ್ದು ಅನ್ನಬೇಕು. ಆದರೂ ಗಾಡಿ ಚೆನ್ನಾಗಿ ಹತ್ತುತ್ತದೆ. ಎರಡು ಸ್ಪೀಡಿನ ಗೇರ್‌ಬಾಕ್ಸ್ ಇದೆ, ಚಕ್ರದ ಹತ್ತಿರವೇ ವೇಗ ಇಳಿಸಿ ಬಲ ಹೆಚ್ಚಿಸುವ ಪೋರ್ಟಲ್ ಗೇರ್ ಇದೆ, ಮೋಟರ್ ನಿರಾಳವಾಗಿ ತಿರುಗುತ್ತದೆ. 540, 550 ಅನ್ನುವುದು ಡಬ್ಬಿಯ ಅಳತೆಯ ಹೆಸರು. 550 ಅಂದರೆ ಸಾಮಾನ್ಯ 540ರಷ್ಟೇ ಅಗಲ, ಉದ್ದ ಸ್ವಲ್ಪ ಜಾಸ್ತಿ. ತಾಮ್ರ ಜಾಸ್ತಿ ಹಿಡಿಯುತ್ತದೆ, ಬಿಸಿಯೇರಲು ಹೊತ್ತು ಬೇಕು. ತೂಕವೂ ಜಾಸ್ತಿ. ನಿಮ್ಮ ಗಾಡಿಯಲ್ಲಿ ಜಾಗ ಇದೆಯಾ ಅಂತ ಅಳೆದು ಕೊಳ್ಳಿ.

ಬ್ರಶ್ ಮೋಟರ್‌ನಲ್ಲಿ ವೈಂಡಿಂಗ್ ಇರುವುದು ನಡುವೆ ತಿರುಗುವ ಆರ್ಮೇಚರ್‌ನಲ್ಲಿ. ಅಲ್ಲಿನ ಬಿಸಿ ಗಾಳಿಯ ಸಂದಿ ದಾಟಿ ಹೊರಗಿನ ಡಬ್ಬಿಗೆ ಬರಬೇಕು. ಹೀಗಾಗಿ ಡಬ್ಬಿ ಮುಟ್ಟಿ "ಬೆಚ್ಚಗಿದೆ ಅಷ್ಟೇ" ಅನ್ನುವ ಹೊತ್ತಿಗೆ ಒಳಗೆ ಕೆಲಸ ಕೆಟ್ಟಿರಬಹುದು. ಬ್ರಶ್‌ಲೆಸ್‌ನಲ್ಲಿ ವೈಂಡಿಂಗ್ ಡಬ್ಬಿಗೇ ಅಂಟಿಕೊಂಡಿರುವುದರಿಂದ ಬಿಸಿ ಬೇಗ ಹೊರಗೆ ಬರುತ್ತದೆ. ಬ್ರಶ್ ಸವೆಯುವ ತಲೆನೋವೂ ಇಲ್ಲ. ಬಾಳಿಕೆ ಒಂದನ್ನೇ ನೋಡಿದರೆ ಬ್ರಶ್‌ಲೆಸ್‌ಗೇ ನನ್ನ ಮತ.

ಆದರೆ ಸೆನ್ಸರ್ ಇಲ್ಲದ ಅಗ್ಗದ ಬ್ರಶ್‌ಲೆಸ್ ಕ್ರಾಲರ್‌ಗೆ ಬೇಡ. ನಿಂತ ಮೋಟರ್‌ನಲ್ಲಿ ಎದುರು ವೋಲ್ಟೇಜ್ ಇರುವುದಿಲ್ಲ, ರೋಟರ್ (ತಿರುಗುವ ಭಾಗ) ಎಲ್ಲಿದೆ ಅನ್ನುವುದು ಇಎಸ್‌ಸಿಗೆ ತಿಳಿಯುವುದಿಲ್ಲ. ಬಂಡೆಯ ಮೇಲೆ ನಿಂತ ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ. ಸೆನ್ಸರ್ ಇರುವುದಕ್ಕೆ ಈ ತೊಂದರೆ ಇಲ್ಲ, ಆ ತೆಳ್ಳನೆಯ ಸೆನ್ಸರ್ ವೈರ್ ಎಲ್ಲೂ ಉಜ್ಜದಂತೆ ಕಟ್ಟಿದರೆ ಸರಿ. ಹಾಬಿವಿಂಗ್ ಕಂಪನಿಯ ಫ್ಯೂಷನ್‌ನಂಥವುಗಳಲ್ಲಿ ಮೋಟರ್, ಇಎಸ್‌ಸಿ ಎರಡೂ ಒಂದೇ ಡಬ್ಬಿಯಲ್ಲಿ ಬರುತ್ತವೆ. ವೈರಿನ ಗೋಜಿಲ್ಲ, ನಡೆ ಬಹಳ ನಯ. ಒಂದು ಹೋದರೆ ಎರಡೂ ಹೋದಂತೆ, ಅಷ್ಟೇ.

ಇನ್ನು ನಮ್ಮ ನೆಲ. ಇದನ್ನು ಹೊರದೇಶದ ವಿಡಿಯೋಗಳು ಹೇಳುವುದಿಲ್ಲ. ಬೆಳಗಾವಿ, ವಿಜಯಪುರದ ಕಡೆ ಕಪ್ಪುಕಲ್ಲು ಹೆಚ್ಚು. ಅದರಲ್ಲಿ ಕಬ್ಬಿಣದ ಅಂಶ ಇದೆ. ಹಳ್ಳದ ಮರಳಿನಲ್ಲಿ ಒಂದು ಆಯಸ್ಕಾಂತ ಎಳೆದು ನೋಡಿ, ಕಪ್ಪು ಹುಡಿ ಮೆತ್ತಿಕೊಂಡು ಬರುತ್ತದೆ. ಮೋಟರ್‌ನ ಒಳಗೂ ಆಯಸ್ಕಾಂತವೇ ಇರುವುದು, ಅಲ್ವಾ? ಗಾಳಿಕಿಂಡಿ ಇರುವ ಡಬ್ಬಿಯೊಳಗೆ ಆ ಹುಡಿ ಸೇರಿದರೆ ಸುಲಭಕ್ಕೆ ಹೊರಗೆ ಬರುವುದಿಲ್ಲ. ಹೊರಗಿನ ಚಿಪ್ಪೇ ತಿರುಗುವ ಔಟ್‌ರನ್ನರ್ ಮೋಟರ್‌ಗಳ ಟಾರ್ಕ್ ನನಗೂ ಇಷ್ಟ, ಆದರೆ ತೆರೆದ ಔಟ್‌ರನ್ನರ್ ಅನ್ನು ಇಲ್ಲಿಯ ಹಳ್ಳಕ್ಕೆ ಇಳಿಸಲು ನಾನು ಹೇಳುವುದಿಲ್ಲ.

ಬಾದಾಮಿ ಕಡೆಯ ಕೆಂಪು ಮರಳುಗಲ್ಲಿನ ಸಮಸ್ಯೆ ಬೇರೆ. ಟೈರ್‌ಗೆ ಅದರಂಥ ಹಿಡಿತ ಕೊಡುವ ಕಲ್ಲಿಲ್ಲ. (ಗುಹೆ, ಗುಡಿಗಳ ಸುತ್ತ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗದಲ್ಲಿ ಮಾತ್ರ ಗಾಡಿ ಇಳಿಸಬೇಡಿ.) ಆದರೆ ಉದುರುವ ಮರಳು ಬಹುಪಾಲು ಸ್ಫಟಿಕ, ಶಾಫ್ಟ್ ಹಿಡಿದಿಡುವ ಬುಶ್‌ನ ಕಂಚಿಗಿಂತ ಬಹಳ ಗಟ್ಟಿ. ಶಾಫ್ಟ್‌ನ ಎಣ್ಣೆಗೆ ಅದು ಅಂಟಿ ಬುಶ್ ಅನ್ನು ಉಜ್ಜುತ್ತದೆ. ಶಾಫ್ಟ್ ಅಲುಗಾಡಲು ಶುರುವಾದ ಮೇಲೆ ಬ್ರಶ್ ಕುಣಿಯುತ್ತದೆ, ಕಿಡಿ ಹಾರುತ್ತದೆ, ಕಮ್ಯುಟೇಟರ್ ಕಪ್ಪಾಗುತ್ತದೆ. ಬೇರಿಂಗ್ ಇರುವ ಮೋಟರ್ ಕೊಳ್ಳುವುದಾದರೆ ರಬ್ಬರ್ ಸೀಲ್ ಇದೆಯಾ ನೋಡಿ. ಸೀಲ್ ಇಲ್ಲದ ಬೇರಿಂಗ್‌ಗಿಂತ ಒಳ್ಳೆಯ ಬುಶ್ ವಾಸಿ.

ಮೊದಲ ಗಾಡಿ, ಬಜೆಟ್ ಕಮ್ಮಿ ಅನ್ನುವವರಿಗೆ ನಾನು ಹೇಳುವುದು: 35 ಟರ್ನ್‌ನ, ಮುಚ್ಚಿದ ಡಬ್ಬಿಯ 540 ಬ್ರಶ್ ಮೋಟರ್. 3ಎಸ್ ಹಾಕುವ ಆಸೆ ಇದ್ದರೆ 45 ಟರ್ನ್. 5 ಸ್ಲಾಟ್‌ನ ಆರ್ಮೇಚರ್ ಸಿಕ್ಕರೆ 3 ಸ್ಲಾಟ್‌ಗಿಂತ ನಿಧಾನದ ನಡೆ ನಯವಾಗಿರುತ್ತದೆ. ಬಿಚ್ಚಿ ಬ್ರಶ್ ಬದಲಿಸುವ ಮಾದರಿ ಕೊಳ್ಳುವುದಾದರೆ ನಿಜವಾಗಿ ಬಿಚ್ಚುವ ಅಭ್ಯಾಸ ನಿಮಗಿರಬೇಕು. ಟೈಮಿಂಗ್ (ಬ್ರಶ್‌ಗಳ ಕೋನ) ಬದಲಿಸುವ ಸೌಲಭ್ಯ ಇದ್ದರೆ ಸೊನ್ನೆಯಲ್ಲೇ ಬಿಡಿ, ಕ್ರಾಲರ್‌ಗೆ ಮುಂದೂ ಹಿಂದೂ ಒಂದೇ ಬಲ ಬೇಕು.

ಹೊಸ ಬ್ರಶ್ ಮೋಟರನ್ನು ಗಾಡಿಗೆ ಹಾಕುವ ಮುಂಚೆ ಲೋಡ್ ಇಲ್ಲದೆ 3 ವೋಲ್ಟ್‌ನಲ್ಲಿ ಸ್ವಲ್ಪ ಹೊತ್ತು ತಿರುಗಿಸಿ. ಎರಡು ದೊಡ್ಡ ಟಾರ್ಚ್ ಸೆಲ್ ಸಾಕು. ಬ್ರಶ್‌ನ ಮುಖ ಕಮ್ಯುಟೇಟರ್‌ನ ದುಂಡಿಗೆ ಹೊಂದಿಕೊಳ್ಳುತ್ತದೆ. ನೀರಲ್ಲಿ ಮುಳುಗಿಸಿ ತಿರುಗಿಸುವ ಚಟ ಕೆಲವರಿಗಿದೆ. ಬ್ರಶ್ ಬೇಗ ಕೂರುತ್ತದೆ, ಹೌದು. ಆಮೇಲೆ ಒಣಗಿಸಿ ಬುಶ್‌ಗೆ ಎಣ್ಣೆ ಬಿಡುವುದನ್ನು ಮರೆಯುತ್ತಾರೆ, ಶಾಫ್ಟ್ ತುಕ್ಕು ಹಿಡಿಯುತ್ತದೆ. ಎಣ್ಣೆ ಬಿಡುವುದಾದರೂ ಒಂದೇ ಹನಿ, ಅದೂ ಬುಶ್‌ಗೆ ಮಾತ್ರ. ಕಮ್ಯುಟೇಟರ್‌ಗೆ ತಾಗಬಾರದು.

ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಸ್ಪರ್ ಗೇರ್ ನಡುವೆ ನೋಟ್‌ಬುಕ್ಕಿನ ಕಾಗದದ ಪಟ್ಟಿ ಇಟ್ಟು ಸ್ಕ್ರೂ ಬಿಗಿ ಮಾಡಿ, ಆಮೇಲೆ ಗೇರ್ ತಿರುಗಿಸಿ ಕಾಗದ ತೆಗೆಯಿರಿ. ತೀರಾ ಒತ್ತಿ ಕೂರಿಸಿದರೆ ಮುಂದಿನ ಬುಶ್ ಒಂದೇ ಕಡೆ ಸವೆಯುತ್ತದೆ.

ಮೊದಲ ಓಟದಲ್ಲಿ ಬ್ಯಾಟರಿ ಅರ್ಧ ಮುಗಿಯುವ ಹೊತ್ತಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಡಬ್ಬಿಯ ಬಿಸಿ ಅಳೆಯಿರಿ. ವಿಜಯಪುರದ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಇರುತ್ತದೆ, ಅಂದರೆ ಮೋಟರ್ ಓಟ ಶುರು ಮಾಡುವುದೇ ಅಲ್ಲಿಂದ. ಬ್ರಶ್ ಮೋಟರ್‌ನ ಡಬ್ಬಿ 70 ಡಿಗ್ರಿ ದಾಟಿದ್ದರೆ ನಿಲ್ಲಿಸಿ, ಒಂದೆರಡು ಹಲ್ಲು ಕಮ್ಮಿ ಇರುವ ಪಿನಿಯನ್ ಹಾಕಿ, ಮತ್ತೆ ಅಳೆಯಿರಿ. ಪಿನಿಯನ್ ತರಿಸುವಾಗ ಅದರ ತೂತಿನ ಅಳತೆ ನೋಡಿಕೊಳ್ಳಿ. 540 ಮೋಟರ್‌ಗಳ ಶಾಫ್ಟ್ ಸಾಮಾನ್ಯವಾಗಿ 3.17 ಮಿ.ಮೀ., ಕೆಲವು ಬ್ರಶ್‌ಲೆಸ್‌ಗಳದು 5 ಮಿ.ಮೀ.