ಸಂಬಳದ ಟೇಬಲ್, ಬಜೆಟ್ ಟೇಬಲ್

ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಗೆ ಹೊಸದಾಗಿ ಸೇರಿದ ಹೆಣ್ಣುಮಗಳಿಗೆ ಬಹಳ ಸಲ ಸಿಗುವುದು ಸಂಬಳದ ಇಲ್ಲವೇ ಪಿಂಚಣಿಯ ಟೇಬಲ್, ಅಂದರೆ ಆ ಕೆಲಸದ ಹೊಣೆ. ‘ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದಲ್ಲಮ್ಮ’ ಎಂಬ ಕಾಳಜಿಯೂ ಜೊತೆಗಿರುತ್ತದೆ. ಒಂದೆರಡು ವರ್ಷಕ್ಕೆ ಅದು ಒಳ್ಳೆಯದೇ, ನಿಯಮಗಳು ಬಾಯಿಪಾಠವಾಗುತ್ತವೆ. ಅಲ್ಲೇ ಬೇರು ಬಿಟ್ಟರೆ ಮಾತ್ರ ಕಷ್ಟ. 2011ರಲ್ಲಿ ಸುಷಮಾ ನಾಥ್ ದೇಶದ ಮೊದಲ ಮಹಿಳಾ ಹಣಕಾಸು ಕಾರ್ಯದರ್ಶಿಯಾದರು. ಆ ಎತ್ತರದಲ್ಲಿ ಯಾರೂ ತುಟ್ಟಿಭತ್ಯೆಯ ಲೆಕ್ಕ ಕೇಳುವುದಿಲ್ಲ, ಬಜೆಟ್ ಕೇಳುತ್ತಾರೆ.

ಬಜೆಟ್ ಟೇಬಲ್ಲಿನ ಅಕ್ಷರಾಭ್ಯಾಸವೆಂದರೆ 15 ಅಂಕಿಯ ಲೆಕ್ಕಶೀರ್ಷಿಕೆ, ಅಂದರೆ ಖರ್ಚು ಯಾವ ಬಾಬತ್ತಿನದೆಂದು ಹೇಳುವ ಸಂಕೇತ ಸಂಖ್ಯೆ. ಮೊದಲ ನಾಲ್ಕು ಅಂಕಿಯಲ್ಲೇ ಅರ್ಧ ವಿಷಯ ಇರುತ್ತದೆ: 2202 ಎಂದರೆ ಸಾಮಾನ್ಯ ಶಿಕ್ಷಣದ ರಾಜಸ್ವ ವೆಚ್ಚ, 4202 ಎಂದರೆ ಶಿಕ್ಷಣದ ಬಂಡವಾಳ ವೆಚ್ಚ. ಹೊಸ ಕಟ್ಟಡ ‘4’ರಲ್ಲಿ, ಅದೇ ಕಟ್ಟಡದ ಸುಣ್ಣಬಣ್ಣ ‘2’ರಲ್ಲಿ. ಇಲ್ಲಿ ಎಡವಿದರೆ ಆಡಿಟ್ ಪ್ಯಾರಾ (ಲೆಕ್ಕ ಪರಿಶೋಧಕರ ಲಿಖಿತ ಆಕ್ಷೇಪ) ಖಚಿತ. ಒಂದರಲ್ಲಿ ಮಿಕ್ಕ ಹಣವನ್ನು ಇನ್ನೊಂದಕ್ಕೆ ರೀಅಪ್ರೋಪ್ರಿಯೇಷನ್ ಮಾಡಿ ಸರಿಪಡಿಸೋಣವೆಂದರೆ ಅದಕ್ಕೂ ಅವಕಾಶವಿಲ್ಲ, ಪೂರಕ ಬೇಡಿಕೆಯಾಗಿ (ಹೆಚ್ಚುವರಿ ಹಣದ ಕೋರಿಕೆಯಾಗಿ) ಸಂಸತ್ತಿಗೇ ಹೋಗಬೇಕು.

ಎರಡನೆಯ ತಪ್ಪು ಸೋಮಾರಿತನದ್ದು. ವರ್ಷದ ನಡುವೆ ಪರಿಷ್ಕೃತ ಅಂದಾಜು (ಇಡೀ ವರ್ಷಕ್ಕೆ ನಿಜಕ್ಕೂ ಎಷ್ಟು ಬೇಕಾಗುತ್ತದೆಂಬ ಹೊಸ ಲೆಕ್ಕ) ಕೇಳಿದಾಗ ಬಜೆಟ್ ಅಂಕಿಯನ್ನೇ ನಕಲು ಹೊಡೆದು ಕಳಿಸುವುದು. ಜನವರಿಯಲ್ಲಿ ನೋಡಿದರೆ ಹಣ ಹಾಗೇ ಇರುತ್ತದೆ. ಕೊನೆಯ ಮೂರು ತಿಂಗಳಲ್ಲಿ ಬಜೆಟ್ಟಿನ ಶೇ 33, ಮಾರ್ಚ್ ಒಂದರಲ್ಲೇ ಶೇ 15 ದಾಟಬಾರದೆಂದು ಹಣಕಾಸು ಸಚಿವಾಲಯ ಮಿತಿ ಹಾಕಿದೆ. ಖರ್ಚಾಗದ್ದು ಮಾರ್ಚ್ 31ಕ್ಕೆ ರದ್ದು. ಉಳಿಕೆಯನ್ನು ಗಡುವಿನೊಳಗೆ ಸರೆಂಡರ್ ಮಾಡಿದ್ದರೆ, ಅಂದರೆ ಬೇಡವೆಂದು ಮರಳಿಸಿದ್ದರೆ, ಬೇರೆ ಕಡೆಗಾದರೂ ಉಪಯೋಗವಾಗುತ್ತಿತ್ತು. ಹಾಗಾಗಿ ಪರಿಷ್ಕೃತ ಅಂಕಿ ಬರೆಯುವ ಮುನ್ನ ಆರು ತಿಂಗಳ ನಿಜವಾದ ಖರ್ಚು, ಬಾಕಿ ಬಿಲ್ಲು, ಸಹಿಯಾದ ಗುತ್ತಿಗೆ ಮೂರನ್ನೂ ಕೂಡಿ ನೋಡಿ.

ಇನ್ನು ರಜೆ. ಮಕ್ಕಳ ಪಾಲನಾ ರಜೆ ಇಡೀ ಸೇವೆಯಲ್ಲಿ 730 ದಿನ; ಮೊದಲ 365 ದಿನ ಪೂರ್ಣ ಸಂಬಳ, ಉಳಿದದ್ದಕ್ಕೆ ಶೇ 80. ಬದುಕಿರುವ ಮೊದಲ ಇಬ್ಬರು ಮಕ್ಕಳಿಗೆ, ಅವರಿಗೆ 18 ತುಂಬುವವರೆಗೆ. ಒಂದು ಸಲಕ್ಕೆ 5 ದಿನಕ್ಕಿಂತ ಕಡಿಮೆ ಇಲ್ಲ, ವರ್ಷಕ್ಕೆ ಮೂರೇ ಸಲ. ಒಂಟಿ ತಾಯಿಗೆ ಆರು. ಇದು ಹಕ್ಕಲ್ಲ, ಮುಂಚಿತವಾಗಿ ಮಂಜೂರಾಗಬೇಕು. ತೊಡಕಿರುವುದು ಕ್ಯಾಲೆಂಡರಿನಲ್ಲಿ: ಮಗಳ ಹತ್ತನೇ ತರಗತಿ ಪರೀಕ್ಷೆ, ಸರ್ಕಾರದ ವರ್ಷಾಂತ್ಯ ಎರಡೂ ಮಾರ್ಚಿನಲ್ಲೇ! ಈ ಒಂದು ಕಾರಣಕ್ಕೇ ಎಷ್ಟೋ ಮಂದಿ ಬಜೆಟ್ ಟೇಬಲ್ ಬೇಡವೆನ್ನುತ್ತಾರೆ. ಬೇಡವೆನ್ನಬೇಕಿಲ್ಲ. ಡಿಸೆಂಬರಿನಲ್ಲೇ ಅರ್ಜಿ ಕೊಡಿ. ಶೀರ್ಷಿಕೆವಾರು ಉಳಿಕೆ, ಬಾಕಿ ಮಂಜೂರಾತಿ, ಸರೆಂಡರ್ ಗಡುವು ಬರೆದ ಒಂದು ಪುಟದ ಟಿಪ್ಪಣಿ ಕಡತಕ್ಕೆ ಹಾಕಿ. ಪ್ರಭಾರ ಯಾರಿಗೆಂದು ಲಿಖಿತ ಆದೇಶ ಮಾಡಿಸಿ.

ಡಿಜಿಟಲ್ ಸಹಿಯ ಟೋಕನ್ (ಬಿಲ್ಲಿಗೆ ಸಹಿ ಹಾಕಲು ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ಮಾತ್ರ ಸಹೋದ್ಯೋಗಿಯ ಡ್ರಾಯರಿನಲ್ಲಿ ಬಿಟ್ಟು ಹೋಗಬೇಡಿ. ನೀವು ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಿಂತಿದ್ದಾಗ ಪಾಸಾದ ಬಿಲ್ಲಿಗೂ ಉತ್ತರ ಕೊಡಬೇಕಾದವರು ನೀವೇ. ಪ್ರಭಾರದವರು ತಮ್ಮ ಹೆಸರಿನ ಟೋಕನ್ನನ್ನೇ ನೋಂದಾಯಿಸಿಕೊಳ್ಳಲಿ.